ಎಸ್‌ಡಿಎಂಸಿಗೆ ಬನ್ನಿ, ನಮ್ಮನ್ನು ಲೆಕ್ಕ ಕೇಳಿ

ಪೋಷಕರೇ, ನಮಸ್ಕಾರ.

ನಮ್ಮ ಶಾಲೆಯ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಮೂರು ವರ್ಷದ ಅವಧಿ ಮುಗಿಯುತ್ತಾ ಬಂದಿದೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪೋಷಕರ ಸಭೆ, ಅಲ್ಲೇ ಹೊಸ ಸದಸ್ಯರ ಆಯ್ಕೆ. ಇದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದಾಗ ಒಬ್ಬರು, "ಅದಕ್ಕೆ ಸೇರ್ಕೊಂಡು ನಾವೇನ್ ಮಾಡೋದು ಮೇಷ್ಟ್ರೇ, ಆಗಸ್ಟ್ 15ಕ್ಕೆ ಬಂದು ಬಾವುಟದ ಪಕ್ಕ ನಿಲ್ಲೋದಾ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಗುಂಪಿನಲ್ಲಿ ಟೈಪ್ ಮಾಡುವಷ್ಟು ಚಿಕ್ಕದಲ್ಲ, ಅದಕ್ಕೇ ಈ ಪತ್ರ.

ವಿಜ್ಞಾನಿ ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರಲ್ಲಿ ರಾಜ್ಯ ಸರ್ಕಾರದ ಆದೇಶದಿಂದ ಈ ಸಮಿತಿ ಶುರುವಾಯಿತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು, ಇಂಥ ಸಮಿತಿ ಇರಲೇಬೇಕು ಅಂತಾಯಿತು. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. ಶಾಲೆ ಹೇಗೆ ನಡೆಯುತ್ತಿದೆ ನೋಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ಕಣ್ಣಿಡುವುದು, ಇವೇ ಮುಖ್ಯ ಕೆಲಸ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ನಿಯಮ ಇಲ್ಲ. ಸಾವಿರಾರು ರೂಪಾಯಿ ಫೀಸು ಕಟ್ಟುವವರಿಗೆ ಕಾಯ್ದೆ ಕೊಡದ ಹಕ್ಕು ನಿಮಗಿದೆ, ಬಳಸುವವರು ಮಾತ್ರ ಕಮ್ಮಿ!

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಮುಖ್ಯ ಶಿಕ್ಷಕನೇ ಸಮಿತಿಯ ಸದಸ್ಯ ಕಾರ್ಯದರ್ಶಿ. ಸಭೆ ಕರೆಯುವವನು ನಾನು, ನಡಾವಳಿ ಬರೆಯುವವನು ನಾನು, ನೀವು ಉಸ್ತುವಾರಿ ಮಾಡಬೇಕಾದ ಕೆಲಸವೂ ನನ್ನದೇ. ಹಾಗಾಗಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಓದಿ. ಓದಲು ಕಷ್ಟವಾದರೆ ಜೋರಾಗಿ ಓದಿಸಿ ಕೇಳಿ. "ಮೇಷ್ಟ್ರು ನಮ್ಮವರೇ ಬಿಡಿ" ಅಂತ ಖಾಲಿ ಪುಟಕ್ಕೆ ಸಹಿ ಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ. ನಂಬಿಕೆ ಇರಲಿ, ಆದರೆ ಸಹಿ ಬೇರೆ ವಿಷಯ.

ದುಡ್ಡಿನದ್ದೂ ಹಾಗೇ. ಶಾಲೆಯ ಖಾತೆ ಅಧ್ಯಕ್ಷರ ಮತ್ತು ನನ್ನ ಹೆಸರಿನಲ್ಲಿ ಜಂಟಿಯಾಗಿರುತ್ತದೆ. ಶಾಲೆಗಳಿಗೆ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ನಿಯಮದಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿವರೆಗೆ ಅನುದಾನ, ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ. ಅಂದರೆ ಪೂರ್ತಿ ಬಂದರೆ 5,000 ರೂಪಾಯಿ. ಶೌಚಾಲಯಕ್ಕೆ ಬಕೆಟ್ಟು, ಸೋಪು, ಫಿನಾಯಿಲ್ ಇಲ್ಲ ಅಂತ ಮಗಳು ಮನೆಗೆ ಬಂದು ಹೇಳಿದರೆ, ಆ ಹಣ ಬಂತಾ, ಬಂದಿದ್ದರೆ ಏನಾಯಿತು, ಅಂತ ವೋಚರ್ ತೆಗೆಸಿ ನೋಡಿ.

ಬಿಸಿಯೂಟ ನೋಡುವುದು ಇನ್ನೂ ಸುಲಭ, ಈ ವಿಷಯದಲ್ಲಿ ನಮಗಿಂತ ಅಮ್ಮಂದಿರೇ ಪರಿಣತರು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 40 ಮಕ್ಕಳು ಊಟಕ್ಕಿದ್ದಾರೆ ಅಂದರೆ 4 ಕೆಜಿ ಅಕ್ಕಿ, 800 ಗ್ರಾಂ ಬೇಳೆ, 2 ಕೆಜಿ ತರಕಾರಿ ಆಗಬೇಕು, ಅಲ್ವಾ? ಹೇಳದೆ ಕೇಳದೆ ಒಂದು ದಿನ ಅಡುಗೆ ಮನೆಗೆ ಬನ್ನಿ. ತಕ್ಕಡಿ ಅಲ್ಲೇ ಇದೆ. ಆ ದಿನದ ಹಾಜರಾತಿ ಮತ್ತು ಊಟದ ಲೆಕ್ಕ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ, ತಾಳೆಯಾಗಬೇಕು. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಲೇಬೇಕು ಅಂತ ನಿಯಮ ಇದೆ, ನೀವೂ ಒಂದು ತುತ್ತು ತಿನ್ನಿ.

ಈಗ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಎಸ್‌ಡಿಎಂಸಿ ಸಭೆಗಳಲ್ಲಿ ಕಾಂಪೌಂಡು, ಬಣ್ಣ, ಗೇಟು, ಧ್ವನಿವರ್ಧಕ, ಇವುಗಳ ಮಾತೇ ಜಾಸ್ತಿ. ಕಣ್ಣಿಗೆ ಕಾಣುವುದರ ಬಗ್ಗೆ ಮಾತಾಡುವುದು ಸುಲಭ. ಮಗು ಕಲಿಯಿತಾ ಇಲ್ಲವಾ ಅನ್ನುವುದು ಗೋಡೆಯ ಹಾಗೆ ಕಾಣುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಇಲಾಖೆಯಿಂದ ಒಂದಾದ ಮೇಲೊಂದು ಕಾರ್ಯಕ್ರಮ ಬರುತ್ತದೆ, ನಾವು ಮಾಡುತ್ತೇವೆ, ಫೋಟೋ ತೆಗೆದು ಕಳಿಸುತ್ತೇವೆ, ವರದಿಯಲ್ಲಿ "ಯಶಸ್ವಿಯಾಗಿ ನಡೆಯಿತು" ಅಂತ ಬರೆಯುತ್ತೇವೆ. ನಡೆಯಿತು, ಸರಿ. ಅದರಿಂದ ಮಕ್ಕಳಿಗೆ ಏನಾಯಿತು?

ಉದಾಹರಣೆಗೆ, ನಾಲ್ಕು ಮತ್ತು ಐದನೇ ತರಗತಿಗೆ ಮಧ್ಯಾಹ್ನ ಓದುವ ಅವಧಿ ಇಟ್ಟಿದ್ದೇವೆ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತ ನಾನು ಹೇಳೇ ಹೇಳುತ್ತೇನೆ! ಅದನ್ನು ಉತ್ತರ ಅಂತ ಒಪ್ಪಬೇಡಿ. ಜೂನ್‌ನಲ್ಲಿ ಎಷ್ಟು ಮಕ್ಕಳು ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದುತ್ತಿದ್ದರು, ಈಗ ಎಷ್ಟು ಮಕ್ಕಳು ಓದುತ್ತಾರೆ, ಉಳಿದವರಿಗೆ ಮುಂದಿನ ತಿಂಗಳು ಏನು ಮಾಡುತ್ತೀರಿ, ಹೀಗೆ ಕೇಳಿ. ದೊಡ್ಡ ಪರೀಕ್ಷೆ ಬೇಡ. ಹಳ್ಳಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಐದನೇ ತರಗತಿ ಮಗುವಿಗೂ ಎರಡನೇ ತರಗತಿ ಮಟ್ಟದ ಪಠ್ಯವನ್ನೇ ಕೊಟ್ಟು ಓದಿಸುತ್ತಾರೆ. ಮಗುವಿಗೆ ಅಳುಕಾಗದ ಹಾಗೆ, ಉಳಿದವರ ಎದುರಿಗಲ್ಲದೆ, ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದರೆ ಗೊತ್ತಾಗುತ್ತದೆ. ಇನ್ನೊಂದು, ಲೆಕ್ಕ ಕೇಳುವಾಗ ಆವತ್ತು ಗೈರಾದ ಮಕ್ಕಳನ್ನೂ ಸೇರಿಸಿ ಕೇಳಿ. ಶಾಲೆಗೆ ಸರಿಯಾಗಿ ಬರದ ಮಕ್ಕಳೇ ಸಾಮಾನ್ಯವಾಗಿ ಓದಿನಲ್ಲಿ ಹಿಂದಿರುತ್ತಾರೆ, ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಯಾವ ಶಾಲೆಯ ಫಲಿತಾಂಶವೂ ಚೆಂದ ಕಾಣುತ್ತದೆ.

ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆಯಿಂದ ಕಲಿಯುವ ನಲಿ ಕಲಿ ಕೊಠಡಿಯಲ್ಲಿ ಪ್ರಗತಿ ನೋಟ ಅನ್ನುವ ಪಟ್ಟಿ ಇರುತ್ತದೆ, ಯಾವ ಮಗು ಕಲಿಕೆಯ ಯಾವ ಮೈಲಿಗಲ್ಲಿನಲ್ಲಿದೆ ಅಂತ ಅದರಲ್ಲಿ ಗುರುತಿಸಿರುತ್ತಾರೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಮಗು ಇದ್ದರೆ ಯಾಕೆ ಅಂತ ಶಿಕ್ಷಕಿಯನ್ನು ಕೇಳಿ. ಕಾರಣ ಮನೆಯಲ್ಲೂ ಇರಬಹುದು, ನಮ್ಮಲ್ಲೂ ಇರಬಹುದು. ಮಕ್ಕಳ ಹೆಸರು ಹಿಡಿದು ಊರಲ್ಲಿ ಮಾತಾಡುವುದು ಮಾತ್ರ ಬೇಡ.

ಮಿತಿಗಳೂ ಇವೆ. ಶಿಕ್ಷಕರನ್ನು ವರ್ಗ ಮಾಡುವ ಅಧಿಕಾರ ಸಮಿತಿಗಿಲ್ಲ, ತರಗತಿಗೆ ನುಗ್ಗಿ ಮಕ್ಕಳ ಎದುರು ಗದರಿದರೆ ಅದು ಉಸ್ತುವಾರಿಯಾಗುವುದಿಲ್ಲ. ಹುದ್ದೆ ಖಾಲಿ ಇದ್ದು ಒಬ್ಬರೇ ಎರಡು ತರಗತಿ ನೋಡುತ್ತಿದ್ದರೆ ಆ ತಪ್ಪನ್ನು ಅವರ ತಲೆಗೆ ಕಟ್ಟಬೇಡಿ. ಬದಲು ಠರಾವು ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿ, ಸ್ವೀಕೃತಿ ತೆಗೆದುಕೊಳ್ಳಿ, ಮುಂದಿನ ಸಭೆಯಲ್ಲಿ ಏನಾಯಿತು ಅಂತ ಮತ್ತೆ ಕೇಳಿ. ನಾನೊಬ್ಬನೇ ಬರೆದ ಪತ್ರಕ್ಕಿಂತ ಪೋಷಕರ ಸಹಿ ಇರುವ ಠರಾವಿಗೆ ತೂಕ ಜಾಸ್ತಿ.

ಯಾರು ನಿಲ್ಲಬೇಕು? ಪಕ್ಷದ ಓಡಾಟ, ಕೈಯಲ್ಲಿ ದುಡ್ಡು ಇರುವವರೇ ಆಗಬೇಕಿಲ್ಲ. ತಿಂಗಳಿಗೊಮ್ಮೆ ಬಂದು ಕೂರುವವರು, ಕೇಳಲು ನಾಚದವರು ಸಾಕು. ಮಹಿಳೆಯರ ಜಾಗಕ್ಕೆ ಹೆಂಡತಿ ಹೆಸರು ಕೊಟ್ಟು ಗಂಡ ಬಂದು ಕೂರುವ ಏರ್ಪಾಡು ಈ ಸಲ ಬೇಡ. ಅಮ್ಮಂದಿರೇ, ನೀವೇ ಬನ್ನಿ, ಓದು ಬರಹ ಬರದಿದ್ದರೂ ತೊಂದರೆ ಇಲ್ಲ.

ಹೆಸರು ಕೊಡುವವರು ಗುರುವಾರದೊಳಗೆ ಶಾಲೆಗೆ ಬಂದು ಹೇಳಿ. ಈ ವರ್ಷದ ನಗದು ಪುಸ್ತಕ, ವೋಚರ್, ಊಟದ ಲೆಕ್ಕ ಮತ್ತು ಓದುವ ಅವಧಿಯ ಪಟ್ಟಿ ಸಭೆಯ ದಿನ ಮೇಜಿನ ಮೇಲಿರುತ್ತವೆ. ಕೂಲಿ ಬಿಟ್ಟು ಶನಿವಾರ ಬರಲಾಗದವರು ಮೊದಲೇ ತಿಳಿಸಿ, ಹಾಗೆ ಹೇಳುವವರು ಜಾಸ್ತಿ ಇದ್ದರೆ ಸಭೆಯನ್ನು ಭಾನುವಾರಕ್ಕೆ ಹಾಕೋಣ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ