ಆರ್ಕಿಡ್ ಐಡಿ ಬಗ್ಗೆ

ಗಂಗೋತ್ರಿಯ ಸಂಶೋಧಕ ಗೆಳೆಯರೇ, ನಮ್ಮಲ್ಲಿ ತುಂಬಾ ಜನ ಇನ್ನೂ ಆರ್ಕಿಡ್ ಐಡಿ (ORCID, ಅಂದರೆ ಪ್ರತಿ ಸಂಶೋಧಕರಿಗೂ ಸಿಗುವ ಬೇರೆ ಬೇರೆ ಗುರುತಿನ ನಂಬರ್) ಮಾಡಿಕೊಂಡಿಲ್ಲ. ದುಡ್ಡು ಕೊಡಬೇಕಾಗಿಲ್ಲ, ಜಾಸ್ತಿ ಹೊತ್ತೂ ಬೇಡ. 16 ಅಂಕಿಯ ಈ ನಂಬರ್ ಕಾಲೇಜು ಬದಲಾದರೂ ನಿಮ್ಮದೇ. ಸುಮ್ನೆ ‘ಮಂಜುನಾಥ’ ಅಂತ ಹುಡುಕಿ ನೋಡಿ, ಎಷ್ಟು ಜನ ಬರುತ್ತಾರೆ! ಇನಿಷಿಯಲ್ ಒಂದು ಲೇಖನದಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಬ್ಬರ ಲೇಖನ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ಈ ಗೊಂದಲ ತಪ್ಪಿಸೋಕೇ ಈ ನಂಬರ್.

ನಿಮ್ಮ ವಿಷಯದಲ್ಲಿ ಧಾರವಾಡದಲ್ಲೋ ಹಂಪಿಯಲ್ಲೋ ಯಾರು ಕೆಲಸ ಮಾಡಿದ್ದಾರೆ ಅಂತ ತಿಳಿಯಬೇಕಾ? ಇನ್‌ಫ್ಲಿಬ್‌ನೆಟ್‌ನವರ ಶೋಧಗಂಗಾ ನೋಡಿ, ಅದು ಭಾರತದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹ. ಪಿಎಚ್‌ಡಿ ಪ್ರಬಂಧದ ಜೊತೆ ಮಾರ್ಗದರ್ಶಕರ ಹೆಸರೂ ಇರುತ್ತದೆ. ಅವರಿಗೆ ನೇರವಾಗಿ ಮೇಲ್ ಬರೆಯಿರಿ, ಸಂಕೋಚ ಬೇಡ.

ಇನ್ನೊಂದು ಮಾತು. ಹಳೇ ನುಡಿ ಫಾಂಟಿನ ಫೈಲನ್ನು ಯೂನಿಕೋಡ್‌ಗೆ ಬದಲಿಸಿಯೇ ಹಂಚಿಕೊಳ್ಳಿ. ಇಲ್ಲದಿದ್ದರೆ ಹುಡುಕಿದವರಿಗೆ ಸಿಗೋದೇ ಇಲ್ಲ.

ಹೆಸರು, ವಿಷಯ, ಆರ್ಕಿಡ್ ನಂಬರ್ ಈ ಗ್ರೂಪಿನಲ್ಲೇ ಹಾಕಿ. ಪಟ್ಟಿ ಮಾಡಿ ಪಿನ್ ಮಾಡುತ್ತೇನೆ. ಗುಡ್ ಮಾರ್ನಿಂಗ್ ಫೋಟೊಗಳಿಗೆ ಅಲ್ಲಿಯವರೆಗೆ ರಜೆ ಕೊಡಿ, ಪ್ಲೀಸ್.