ಹಾಳೆ ಯಾವ ಡಬ್ಬಕ್ಕೆ?

ಈ ಸಂಪಾದಕೀಯ ಶುಕ್ರವಾರವೇ ಕೊಡಬೇಕಿತ್ತು. ಇವತ್ತು ಭಾನುವಾರ, ರಾತ್ರಿ ಹನ್ನೊಂದು. ಬೈಕೊಳ್ಳಬೇಡಿ.

ಗಣೇಶನ ಊಟ ಆದಮೇಲೆ ಹಾಲ್ ಗುಡಿಸಿದವರು ಮೂರೇ ಜನ. ಕಸವೆಲ್ಲ ನಮ್ಮ ಕಾರಿಗೇ ಬಂತು. ನಿನ್ನೆ ಮಗಳನ್ನು ಕರೆದುಕೊಂಡು ರೀಸೈಕ್ಲಿಂಗ್ ಸೆಂಟರ್‌ಗೆ ಹೋದೆ. ರಟ್ಟಿನ ಪೆಟ್ಟಿಗೆ ಮಡಚಿ ಒಂದು ಕಡೆ, ಗಾಜಿನ ಬಾಟಲಿ ಬಣ್ಣ ನೋಡಿ ಇನ್ನೊಂದು ಕಡೆ, ಮೈಕಿನ ಸತ್ತ ಬ್ಯಾಟರಿಗೆ ಬೇರೆಯೇ ಡಬ್ಬ. ಯಾರೂ ಒಯ್ಯದೆ ಉಳಿದ ನಮ್ಮ ಹೋದ ಸಂಚಿಕೆಯ ಪ್ರತಿಗಳು ನೀಲಿ ಡಬ್ಬಕ್ಕೆ. (ಅದರ ಬಗ್ಗೆ ಜಾಸ್ತಿ ಹೇಳಲ್ಲ.) ಕೊನೆಗೆ ಉಳಿದದ್ದು ಅಡಿಕೆ ಹಾಳೆ ತಟ್ಟೆಗಳ ಚೀಲ. ಪ್ಯಾಕೆಟ್ ಮೇಲೆ ಶಿವಮೊಗ್ಗ ಅಂತಿತ್ತು, ಅದಕ್ಕೇ ನಾಲ್ಕು ಡಾಲರ್ ಜಾಸ್ತಿ ಕೊಟ್ಟು ತಂದಿದ್ದೆ.

"ಇದು ಎಂಥದಮ್ಮ, ಮರನಾ, ಪೇಪರಾ?"

"ಹಾಳೆ" ಅಂದೆ.

"ಹಾಳೆ ಅಂದ್ರೆ ಪೇಪರ್ ಅಲ್ವಾ? ಕನ್ನಡ ಕ್ಲಾಸಲ್ಲಿ ಹೇಳಿದಾರೆ" ಅಂತ ನೀಲಿ ಡಬ್ಬದ ಕಡೆ ಹೊರಟೇಬಿಟ್ಟಳು. ಆ ಕ್ಲಾಸ್ ತಗೊಳ್ಳೋದು ನಾನೇ.

ತೀರ್ಥಹಳ್ಳಿ ಹತ್ತಿರದ ಅಜ್ಜನ ಮನೆಯಲ್ಲಿ ಬೇಸಿಗೆ ರಜೆಯ ಮಧ್ಯಾಹ್ನ ತೋಟದಲ್ಲಿ ದೊಪ್ ಅಂತ ಸದ್ದಾಗುತ್ತಿತ್ತು. ಮೊದಲು ಓಡಿದವರಿಗೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲವಾದ ಪೊರೆ. ಒಬ್ಬರು ಅದರ ಮೇಲೆ ಕೂರಬೇಕು, ಇನ್ನೊಬ್ಬರು ಸೋಗೆ ಹಿಡಿದು ಅಂಗಳದ ತುಂಬ ಎಳೆಯಬೇಕು. ಚಡ್ಡಿ ಹರಿಯುತ್ತಿತ್ತು, ಹಾಳೆ ಹರಿಯುತ್ತಿರಲಿಲ್ಲ. ಚೆನ್ನಾಗಿದ್ದದ್ದು ಕೆಲಸಕ್ಕೆ ಬಂದವರ ತಲೆಗೆ ಟೊಪ್ಪಿ. ಹಸಿಯಾಗಿದ್ದರೆ ಕೊಚ್ಚಿ ಕೊಟ್ಟಿಗೆಗೆ. ಒಣಗಿ ಮುರಿದದ್ದು ಬಚ್ಚಲ ಒಲೆಗೆ. ಆ ಬೂದಿಯಲ್ಲಿ ಅಜ್ಜಿ ಪಾತ್ರೆ ತಿಕ್ಕುತ್ತಿದ್ದರು, ಮಿಕ್ಕಿದ್ದು ಮತ್ತೆ ಅಡಿಕೆ ಮರದ ಬುಡಕ್ಕೆ. ಆ ಮನೆಯಲ್ಲಿ ಕಸದ ಡಬ್ಬ ಇದ್ದ ನೆನಪೇ ನನಗಿಲ್ಲ.

ಸೆಂಟರಿನವನು ತಟ್ಟೆ ತಿರುಗಿಸಿ ಅದರ ಗೆರೆಗಳ ಮೇಲೆ ಬೆರಳಾಡಿಸಿದ. ಅಂಟು ಗಿಂಟು ಹಾಕಿದ್ದಾರಾ ಅಂತ ಕೇಳಿದ. ಇಲ್ಲಪ್ಪ, ನೀರಲ್ಲಿ ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ, ಅಷ್ಟೇ ಅಂದೆ. ತಲೆದೂಗಿದ. ಆಮೇಲೆ ಸಾರಿನ ಕಲೆ ತೋರಿಸಿ, ಊಟ ಅಂಟಿದ್ದು ಸೊಪ್ಪು ಕೊಂಬೆ ರಾಶಿಗೆ ಬೇಡ ಅಂತ ವಾಪಸ್ ಕೊಟ್ಟ. ನಮ್ಮಜ್ಜಿಗಿಂತ ಮಡಿ!

ಇನ್ನು ಅವಸರದಲ್ಲಿ: ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಅದೇ ಹಾಲ್, ಸಂಜೆ 4ಕ್ಕೆ. ನಾಟಕಕ್ಕೆ ಮಕ್ಕಳ ಹೆಸರು ಅಕ್ಟೋಬರ್ 15ರೊಳಗೆ ಕೊಡಿ. ಈ ವಾರ ಕನ್ನಡ ಕ್ಲಾಸ್ ಇಲ್ಲ. ಗುಡಿಸಲಿಕ್ಕೆ ಈ ಸಲವಾದರೂ ಮೂರಕ್ಕಿಂತ ಜಾಸ್ತಿ ಜನ ಬೇಕು, ಪಾಯಸ ಕುಡಿದು ಮೆಲ್ಲಗೆ ಜಾರಬೇಡಿ. ಈ ಪತ್ರಿಕೆ ಟೈಪ್ ಮಾಡಲು ಒಬ್ಬರು ಸಿಕ್ಕರೂ ಸಾಕು. ಸುಮ್ನೆ ಹೇಳ್ತಿಲ್ಲ, ನಿಜಕ್ಕೂ ಕೈಲಾಗುತ್ತಿಲ್ಲ.

ತಟ್ಟೆ ಚೀಲ ನಮ್ಮ ಗ್ಯಾರೇಜಿನಲ್ಲಿದೆ. ಹಿತ್ತಲಲ್ಲಿ ಗೊಬ್ಬರದ ಗುಂಡಿ ಇರುವವರು ಬೇಗ ಫೋನ್ ಮಾಡಿ. ವಾಸನೆ ಶುರುವಾಗಿದೆ.