ಸೈಲೆನ್ಸರ್ ನೋಡಿ ಇಂಜಿನ್ ಹಾಕು

ರಾಯಚೂರು
ಭಾನುವಾರ ರಾತ್ರಿ

ಯವ್ವಾ,

ಮೂರು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ನಿಮ್ಮವ್ವನೂ ತಾಟು ಮುಂದಿಟ್ಟು ಮಾತಿಲ್ಲದೆ ಎದ್ದು ಹೋಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ನಡುವೆ ಕಟ್ ಮಾಡಲಿಕ್ಕೆ ಬರುವುದಿಲ್ಲವಲ್ಲ.

"ಅಮೆರಿಕದ ಆ ಬಫಲೋ ಊರಿಗೆ ಹೋಗು ಅಂತ ಯಾರು ಅಂದಿದ್ರು" ಅಂದದ್ದು ನನ್ನದೇ ತಪ್ಪು. ಹೋಗು ಅಂದವನೂ ನಾನೇ, ಶಂಷಾಬಾದ್ ಏರ್‌ಪೋರ್ಟಿನಲ್ಲಿ ನಿನ್ನ ಬ್ಯಾಗ್ ತಳ್ಳಿದವನೂ ನಾನೇ. ಆ ಒಂದು ಮಾತು ವಾಪಸ್ ತಗೊಂಡೆ. ಉಳಿದದ್ದು ಹಾಗೇ ಇರಲಿ. ಹಿಮ ಬಿದ್ದು ದಾರಿ ಬಂದ್ ಆಗಿ ಎರಡು ತಾಸು ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂತೆ, "ಒಂದೀಟು ನಿದ್ದಿ ಬಂತಪ್ಪ" ಅಂತ ನಗುತ್ತಾ ಹೇಳಿದೆಯಲ್ಲ, ನಾನು ಕೂಗಾಡಿದ್ದು ಆ ನಿದ್ದೆಗೆ. ಯಾಕೆ ಅನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಬರೆಯುವುದಿಲ್ಲ.

ನಿನ್ನ ಕಾರಿನ ಸೈಲೆನ್ಸರ್ ಬಾಯಿ ನೆಲದಿಂದ ಒಂದು ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಎತ್ತರ. ಜೋರು ಬಿದ್ದರೆ ಅಲ್ಲಿ ತಾಸಿಗೆ 2-3 ಇಂಚು ಹಿಮ ಬೀಳುತ್ತದೆ. ಗಾಳಿ ಸೇರಿಕೊಂಡರೆ ಲೆಕ್ಕವೇ ಬೇರೆ: ಬಿದ್ದ ಹಿಮವನ್ನೆಲ್ಲ ತಂದು ನಿಂತ ಗಾಡಿಗೆ ಒತ್ತರಿಸುತ್ತದೆ, ಅರ್ಧ ತಾಸಿನಲ್ಲಿ ಬಾಯಿ ಮುಚ್ಚಬಹುದು. ಇಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಹೊಗೆ ಕಾರಿನ ಅಡಿಯಲ್ಲೇ ಸುತ್ತಿ, ಸಂದಿಗಳಿಂದ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಅದು ದಣಿವಿನ ನಿದ್ದೆಯೋ ಗ್ಯಾಸಿನ ನಿದ್ದೆಯೋ ಅನ್ನುವುದು ಮಲಗಿದವರಿಗೆ ಗೊತ್ತಾಗುವುದಿಲ್ಲ. ಇದ್ದಿಲ ಒಲೆ ಇಟ್ಟು ಬಾಗಿಲು ಹಾಕಿ ಮಲಗಿದ ಹಾಗೇ.

ಆದ್ದರಿಂದ ಹಿಮದಲ್ಲಿ ಗಾಡಿ ಸಿಕ್ಕಿಕೊಂಡರೆ ಮೊದಲು ಇಂಜಿನ್ ಬಂದ್ ಮಾಡು. ಹಿಂದೆಮುಂದೆ ಗಾಡಿ ಬರುತ್ತಿಲ್ಲ ಅಂತ ನೋಡಿಕೊಂಡು ಇಳಿ, ಒಂದು ಕೈ ಕಾರಿನ ಮೇಲೇ ಇರಲಿ, ಹಿಂದಕ್ಕೆ ಹೋಗಿ ಸೈಲೆನ್ಸರ್ ಬಾಯಿ, ಬಂಪರಿನ ಅಡಿ, ಸುತ್ತ ಒಂದು ಮೊಳ ಜಾಗ ಬಿಡಿಸು. ಒಳಗೆ ಬಂದು ಗಾಳಿ ಹೊಡೆಯದ ಕಡೆಯ ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿ ಆಮೇಲೆ ಇಂಜಿನ್ ಹಾಕು. ತಾಸಿಗೆ 10 ನಿಮಿಷ ಸಾಕು. ಮತ್ತೆ ಹಾಕುವ ಮುಂಚೆ ಮತ್ತೆ ಇಳಿದು ನೋಡು. ಬೇಸರ ಅನ್ನಬೇಡ. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊ. ಇಂಜಿನ್ ಓಡುವಾಗ ನಿದ್ದೆ ಬೇಡ, ಒಂದು ನಿಮಿಷವೂ ಬೇಡ.

ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಅಂತ ಹೇಳುತ್ತಾ ಬಂದದ್ದೂ ಈ 10 ನಿಮಿಷಗಳಿಗೇ.

ಮತ್ತೆ ಹೇಳುತ್ತೇನೆ, ಗಾಡಿ ಬಿಟ್ಟು ನಡೆದು ಹೋಗಬೇಡ. "ಅಲ್ಲೇ ಲೈಟು ಕಾಣ್ತದ" ಅನ್ನಿಸುತ್ತದೆ. ಹಿಮಗಾಳಿಯಲ್ಲಿ ನೂರು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಲೇಹ್ ದಾರಿಯಲ್ಲಿ ಗಾಡಿ ಓಡಿಸಿದ ಯಾರನ್ನಾದರೂ ಕೇಳು. 2022ರ ಕ್ರಿಸ್‌ಮಸ್ ಹೊತ್ತಿಗೆ ನಿಮ್ಮ ಬಫಲೋ ಸುತ್ತಮುತ್ತಲೇ 40ಕ್ಕೂ ಹೆಚ್ಚು ಜನ ಹೋದರು. ಕೆಲವರು ಕಾರಿನಲ್ಲಿ, ಕೆಲವರು ಬಯಲಿನಲ್ಲಿ, ಕೆಲವರು ಕರೆಂಟ್ ಹೋದ ಮನೆಯಲ್ಲಿ. ಆಂಬುಲೆನ್ಸ್‌ಗಳೇ ಹಿಮದಲ್ಲಿ ಸಿಕ್ಕಿಕೊಂಡಿದ್ದವು. 2014ರ ನವೆಂಬರಿನಲ್ಲಿ ಅಲ್ಲಿಯ ಹೈವೇಯಲ್ಲಿ ಜನ ಒಂದು ದಿನಕ್ಕೂ ಮೇಲೆ ಗಾಡಿಯಲ್ಲೇ ಕೂತಿದ್ದರು. ಇದಕ್ಕೆಲ್ಲ ಎರೀ ಕೆರೆ ಕಾರಣ (ಕೆರೆ ಅಂದರೆ ನೀನು ನಗುತ್ತೀ, ಸಮುದ್ರದಷ್ಟಿದೆ). ನೀರು ಇನ್ನೂ ಬೆಚ್ಚಗಿರುವಾಗ ಅದರ ಮೇಲೆ ಕೊರೆಯುವ ಗಾಳಿ ಬೀಸುತ್ತದೆ, ತೇವ ಎತ್ತಿಕೊಂಡು ಬಂದು ದಡದ ಮೇಲೆ ಪಟ್ಟಿಪಟ್ಟಿಯಾಗಿ ಸುರಿಯುತ್ತದೆ. ನಿನ್ನ ಮನೆ ಮುಂದೆ ಬಿಸಿಲಿರಬಹುದು, ನಾಲ್ಕು ಮೈಲಿ ಆಚೆ ಬಾನೆಟ್ ಕಾಣಲಿಕ್ಕಿಲ್ಲ. ಕಿಟಕಿ ಆಚೆ ಬಿಸಿಲಿದೆ ಅಂತ ಹೊರಡಬೇಡ. ಪ್ರಯಾಣ ನಿಷೇಧ ಅಂತ ಬಂದರೆ ಮುಗೀತು. ಗೆಳತಿಯ ಫ್ಲೈಟ್ ತಪ್ಪಿದರೆ ತಪ್ಪಲಿ, ಆ ಹವಾದಲ್ಲಿ ಅದೂ ಹಾರುವುದಿಲ್ಲ.

ಓಡಿಸುವುದರ ಬಗ್ಗೆ ನಿನಗೆ ಹೆಚ್ಚು ಹೇಳಬೇಕಿಲ್ಲ. ಮಳೆಗಾಲದ ಎರಿಮಣ್ಣಿನ ದಾರಿಯಲ್ಲಿ ಸ್ಕೂಟಿ ಓಡಿಸಿದವಳು ನೀನು. ಜಾರುವಾಗ ಬ್ರೇಕ್ ಒತ್ತಿದರೆ ಏನಾಗುತ್ತದೆ ಅಂತ ಗೊತ್ತು. ಎಕ್ಸಲೇಟರಿನಿಂದ ಕಾಲು ತೆಗೆ, ಹೋಗಬೇಕಾದ ಕಡೆ ಕಣ್ಣಿಡು, ಸ್ಟೇರಿಂಗ್ ಆ ಕಡೆಗೇ ಮೆಲ್ಲಗೆ ತಿರುಗಿಸು. ಬ್ರೇಕ್ ಹಾಕಲೇಬೇಕಾದರೆ ಒತ್ತಿ ಹಿಡಿ, ಪೆಡಲ್ ಕಾಲಡಿ ಗಡಗಡ ಅಂದರೆ ಹೆದರಿ ಬಿಡಬೇಡ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಮುಂದಿನ ಗಾಡಿ ದಾಟಿದ ಕಂಬ ನಿನಗೆ ಬರಲು 8-10 ಸೆಕೆಂಡ್ ಆಗುವಷ್ಟು ಅಂತರ ಬೇಕು. ಐಸ್ ಮೇಲೆ ಗಾಡಿ ನಿಲ್ಲಲು ಒಣ ರಸ್ತೆಯ ಹತ್ತು ಪಟ್ಟು ದೂರ ಬೇಕಾಗಬಹುದು. ನಾಲ್ಕು ಚಕ್ರಕ್ಕೂ ಇಂಜಿನ್ ಜೋರು ಕೊಡುವ ಕಾರು ಅಂತ ನಿನ್ನ ಗೆಳತಿ ಹೆಮ್ಮೆಪಡುತ್ತಾಳೆ. ಅದು ಹೊರಡಲಿಕ್ಕೆ ಸಹಾಯ, ನಿಲ್ಲಲಿಕ್ಕೆ ಅಲ್ಲ. ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಮುಟ್ಟಬೇಡ.

ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ. ನಮ್ಮ ಕೃಷ್ಣಾ ಬ್ರಿಜ್ ಮೇಲೆ ನಿಂತರೆ ಅಡಿಯಿಂದಲೂ ಗಾಳಿ ಹೊಡೆಯುತ್ತದಲ್ಲ, ಅದೇ ಕಾರಣ, ನೆಲದ ಕಾವು ಅದಕ್ಕಿಲ್ಲ. ರಸ್ತೆ ಬರೀ ಒದ್ದೆ ಇದ್ದಂತೆ ಕಂಡು, ಎದುರಿನ ಗಾಡಿಯ ಟೈರು ನೀರು ಚಿಮ್ಮಿಸುತ್ತಿಲ್ಲ ಅಂದರೆ ಅದು ನೀರಲ್ಲ, ಬ್ಲ್ಯಾಕ್ ಐಸ್, ಕಣ್ಣಿಗೆ ಕಾಣದ ತೆಳು ಐಸ್ ಪದರ. ಉಪ್ಪು ಹಾಕಿದ್ದಾರೆ ಅಂತ ನಂಬಬೇಡ, ಮೈನಸ್ 9ರ ಕೆಳಗೆ ಉಪ್ಪಿನ ಆಟ ಅಷ್ಟಾಗಿ ನಡೆಯುವುದಿಲ್ಲ.

ನಾಲ್ಕೂ ಟೈರು ಚಳಿಗಾಲದ್ದೇ ಹಾಕಿಸಿದ್ದೀ ಅಂದಾಗ ಇಲ್ಲಿ ಗ್ಯಾರೇಜಿನಲ್ಲಿ ಎಲ್ಲರಿಗೂ ಹೇಳಿದೆ. ಎರಡೇ ಸಾಕು ಅನ್ನುವ ಮೂರ್ಖರು ಬಹಳ ಇದ್ದಾರೆ. ಮುಂದೆ ಹಿಡಿದು ಹಿಂದೆ ಜಾರಿದರೆ ಗಾಡಿ ಬುಗುರಿ. ಹವಾ ಮಾತ್ರ ವಾರಕ್ಕೊಮ್ಮೆ ನೋಡಿಸು, ಐದಾರು ಡಿಗ್ರಿ ಚಳಿ ಹೆಚ್ಚಿದಾಗೆಲ್ಲ ಒಂದು ಪಾಯಿಂಟ್ ಇಳಿಯುತ್ತದೆ. ಬ್ಯಾಟರಿ ಸೊನ್ನೆ ಡಿಗ್ರಿಯಲ್ಲೇ ಮೂರನೇ ಒಂದು ಭಾಗ ಬಲ ಕಳೆದುಕೊಳ್ಳುತ್ತದೆ. ಸೆಲ್ಫ್ ಎಳೆದಾಡಿದರೆ ಬದಲಾಯಿಸು, ನಾಳೆ ಅನ್ನಬೇಡ. ಗಾಜಿನ ಮೇಲೆ ಬಿಸಿನೀರು ಸುರಿಯಬೇಡ, ಬಿರಿಯುತ್ತದೆ.

ಡಿಕ್ಕಿಯಲ್ಲಿ ಸಣ್ಣ ಸಲಿಕೆ, ಒಂದು ಚೀಲ ಉಸುಕು, ಜಂಪರ್ ಕೇಬಲ್, ಟಾರ್ಚು. ಒಳಗೆ, ಕೈಗೆಟುಕುವಂತೆ, ನಿಮ್ಮವ್ವ ಹೊಲಿದ ಕೌದಿ. ಹಾಸಿಗೆ ಮೇಲೆ ಚಂದ ಕಾಣಲಿ ಅಂತ ಕೊಟ್ಟದ್ದಲ್ಲ ಅದು. ಸಂಕ್ರಾಂತಿಗೆ ಕಳಿಸಿದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಉಳಿದಿದ್ದರೆ ಒಂದು ಡಬ್ಬಿ ಕಾರಿನಲ್ಲಿಡು, ಹೆಪ್ಪುಗಟ್ಟುವುದಿಲ್ಲ, ಕೆಡುವುದಿಲ್ಲ. ನೀರಿನ ಬಾಟಲಿ ತುಂಬ ತುಂಬಿಸಬೇಡ, ಒಡೆಯುತ್ತದೆ. ಹಸಿ ಹಿಮ ತಿಂದರೆ ಮೈ ಕಾವು ಇಳಿಯುತ್ತದೆ, ಕರಗಿಸಿ ಕುಡಿ. ಉಡಿ ತುಂಬಿದಾಗ ಕೊಟ್ಟ ಕೆಂಪು ಜಂಪರ್ ಪೀಸ್ ಇದೆಯಲ್ಲ, ಸಿಕ್ಕಿಕೊಂಡಾಗ ಅದನ್ನು ಕಿಟಕಿಗೋ ಆಂಟೆನಾಗೋ ಕಟ್ಟು. ನಿಮ್ಮವ್ವನಿಗೆ ಇದು ಹೇಳಿಲ್ಲ.

ಇನ್ನೊಂದು, ಮನೆಗೆ ಹತ್ತಿದ ಗ್ಯಾರೇಜಿನಲ್ಲಿ ಕಾರು ಬಿಸಿಯಾಗಲಿ ಅಂತ ಇಂಜಿನ್ ಹಾಕಿ ಒಳಗೆ ಚಹಾ ಕುಡಿಯಲು ಹೋಗಬೇಡ. ಶಟರ್ ಎತ್ತಿದ್ದರೂ ಹೋಗಬೇಡ. ಹೊಗೆ ಮನೆಯೊಳಗೇ ಬರುತ್ತದೆ. ಗೋಡೆಗೆ ಹಾಕುವ ಕಾರ್ಬನ್ ಮೊನಾಕ್ಸೈಡ್ ಅಲಾರಾಂ ಮಲಗುವ ಕೋಣೆಯ ಹತ್ತಿರ ಇದೆಯೋ, ಸೆಲ್ ಇದೆಯೋ ನೋಡು. ಗೊತ್ತು, ಮತ್ತೆ ಸೈಲೆನ್ಸರಿಗೇ ಬಂದೆ.

ಇಲ್ಲಿ ಬೆಳಗ್ಗೆ 16 ಡಿಗ್ರಿ. ನಿಮ್ಮವ್ವ ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ರಂಗೋಲಿ ಹಾಕುತ್ತಾಳೆ. ಹಾಕುವಾಗ ಮೊಬೈಲ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾಳೆ.

ಶುಕ್ರವಾರ ಮತ್ತೆ ಹಿಮಗಾಳಿ ಅಂತ ತೋರಿಸುತ್ತಿದ್ದಾರೆ. ಗುರುವಾರ ಟ್ಯಾಂಕ್ ತುಂಬಿಸಿ, ಕೌದಿ ಕಾರಿನಲ್ಲಿಟ್ಟು ಒಂದು ಫೋಟೋ ಕಳಿಸು. ನನ್ನ ಮೇಲೆ ಸಿಟ್ಟಿದ್ದರೆ ನಿಮ್ಮವ್ವನ ನಂಬರಿಗೆ ಕಳಿಸು, ನಾನು ಅವಳ ಮೊಬೈಲಿನಲ್ಲಿ ನೋಡಿಕೊಳ್ಳುತ್ತೇನೆ.

ನಿನ್ನ ಅಪ್ಪ